ಕೂಟ ಒಡೆದ ಅತ್ತಿಗೆ

ಅತ್ತಿಗೆಯ ಎಡಗೈಯ ಅಂಚು, ಕಿರುಬೆರಳಿನಿಂದ ಮಣಿಕಟ್ಟಿನವರೆಗೆ, ಯಾವಾಗಲೂ ನೀಲಿಯಾಗಿರುತ್ತಿತ್ತು. ಅವರು ಎಡಗೈಯಲ್ಲಿ ಬರೆಯುವವರು. ಬಿಳಿ ಬೋರ್ಡಿನ ಮೇಲೆ ಮಾರ್ಕರಿನಿಂದ ಒಂದು ಸಾಲು ಬರೆದರೆ, ಹಿಂದೆಯೇ ಬರುವ ಅಂಗೈ ಅದನ್ನು ಒರೆಸಿಕೊಂಡು ಹೋಗುತ್ತಿತ್ತು. "ಬರೆದದ್ದು ಅರ್ಧ ಮಕ್ಕಳಿಗೆ, ಅರ್ಧ ನನಗೆ" ಎಂದು ನಗುತ್ತಿದ್ದರು. ಸಾಬೂನು ಹಚ್ಚಿ ತಿಕ್ಕಿದರೂ ಆ ಬಣ್ಣ ಪೂರ್ತಿ ಹೋಗುತ್ತಿರಲಿಲ್ಲ. ಈ ಚಳಿಗಾಲದಲ್ಲಿ ಅವರಿಗೆ ಕೊನೆಯ ಸ್ನಾನ ಮಾಡಿಸಿದವಳು ನಾನು. ಆಗ ಕೈ ಬೆಳ್ಳಗಿತ್ತು. ಆಸ್ಪತ್ರೆಯಲ್ಲಿದ್ದಷ್ಟು ದಿನ ಅವರು ಏನನ್ನೂ ಬರೆದಿರಲಿಲ್ಲ. ಆ ಬಿಳಿ ಕೈಯನ್ನು ನೋಡಿದಾಗಲೇ ಅವರು ಇನ್ನಿಲ್ಲ ಎನ್ನುವುದು ನನಗೆ ಗಟ್ಟಿಯಾದದ್ದು.

ನನ್ನ ಓದು ಪಿಯುಸಿಗೆ ನಿಂತಿತು. ಉಡುಪಿಯಲ್ಲಿ ನನ್ನ ಗಂಡ ತೀರಿಕೊಂಡ ವರ್ಷ ಅತ್ತಿಗೆಯೇ ಟಿಕೆಟ್ ಕಳಿಸಿ ನನ್ನನ್ನು ಯುಎಇಯ ಅಲ್ ಐನ್‌ಗೆ ಕರೆಸಿಕೊಂಡರು. ಮಲಗುವ ಕೋಣೆ ಎರಡೇ ಇದ್ದ ಫ್ಲ್ಯಾಟಿನಲ್ಲಿ ಒಂದನ್ನು ನನಗೆ ಬಿಟ್ಟುಕೊಟ್ಟರು. ನಾನು ದಿನಗಟ್ಟಲೆ ಹಾಸಿಗೆಯಿಂದ ಏಳದೆ ಇದ್ದಾಗ ಬಾಗಿಲಲ್ಲಿ ನಿಂತು, "ಅಳು ಮಾರಾಯ್ತಿ, ಬೇಡ ಅಂತ ಹೇಳುದಿಲ್ಲ. ಆದ್ರೆ ಹಲ್ಲುಜ್ಜಿ ಅಳು" ಎಂದರು. ಹಲ್ಲುಜ್ಜಿದೆ. ಆಮೇಲೆ ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೆಲಸಕ್ಕೆ ಸೇರಿಸಿದವರೂ ಅವರೇ. ಇಂದಿಗೂ ಅಲ್ಲೇ ಇದ್ದೇನೆ.

ಅತ್ತಿಗೆ ಕಲಿಸುತ್ತಿದ್ದುದು ಅಮೆರಿಕನ್ ಪಠ್ಯಕ್ರಮದ ಒಂದು ಖಾಸಗಿ ಶಾಲೆಯಲ್ಲಿ. ಅಲ್ಲಿನ ಇತಿಹಾಸದ ಮೇಷ್ಟ್ರು ವರ್ಷದ ನಡುವೆ ಕೆಲಸ ಬಿಟ್ಟು ಹೋದಾಗ, ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ ಇವರ ಪಾಲಿಗೆ ಅಮೆರಿಕದ ಇತಿಹಾಸ ಬಂತು. ಅಮೆರಿಕವನ್ನು ಅವರು ಕಂಡವರಲ್ಲ. ಅವರ ಗಂಡ, ನನ್ನ ಅಣ್ಣ, ತಮಾಷೆ ಮಾಡಿದರೆ, "ಊರಲ್ಲಿದ್ದಾಗ ಪಾಣಿಪತ್ ನೋಡದೆ ಪಾಠ ಮಾಡ್ಲಿಲ್ವಾ ನಾನು? ಇದೂ ಹಾಗೇ" ಎನ್ನುತ್ತಿದ್ದರು. ತರಗತಿಯಲ್ಲಿ ಇಲ್ಲಿನ ಅರಬ್ ಮಕ್ಕಳು, ಈಜಿಪ್ಟಿನವರು, ಸಿರಿಯಾದವರು, ಮಲಯಾಳಿಗಳು. ಕಲಿಸುವವರು ಉಡುಪಿಯವರು. ಕಲಿಯುವುದು ಅಮೆರಿಕದ ಉತ್ತರ-ದಕ್ಷಿಣಗಳ ಜಗಳ.

ಆ ಜಗಳ ನನಗೂ ಅಷ್ಟಿಷ್ಟು ಗೊತ್ತಾದದ್ದು ಊಟದ ಮೇಜಿನಲ್ಲಿ. ಅವರು ಉತ್ತರ ಪತ್ರಿಕೆ ತಿದ್ದುತ್ತಾ ಕೂತರೆ ನಾನು ಎದುರಿಗೆ ಬೀನ್ಸ್ ಹೆಚ್ಚುತ್ತಿದ್ದೆ. ಉತ್ತರದವರಿಗೆ ಕಾರ್ಖಾನೆ, ದಕ್ಷಿಣದವರಿಗೆ ಹತ್ತಿಯ ಹೊಲ, ಆ ಹೊಲದಲ್ಲಿ ದುಡಿಯಲು ಕೊಂಡು ತಂದ ಕಪ್ಪು ಜನ. ಪಶ್ಚಿಮದಲ್ಲಿ ಹೊಸ ರಾಜ್ಯವೊಂದು ಸೇರುವ ಹೊತ್ತು ಬಂದಾಗಲೆಲ್ಲ ಅಲ್ಲಿ ಮನುಷ್ಯರನ್ನು ಕೊಳ್ಳಬಹುದೋ ಬಾರದೋ ಎಂದು ವಾದ. ದೇಶ ಒಡೆಯಬಾರದೆಂದು ದೊಡ್ಡವರು ಕೂತು ರಾಜಿ ಮಾಡುವುದು, ನಾಲ್ಕು ದಿನ ಸುಮ್ಮನಿರುವುದು, ಮತ್ತೆ ಜಗಳ, ಮತ್ತೆ ರಾಜಿ. ಒಂದು ರಾಜಿಯಲ್ಲಂತೂ, ಉತ್ತರಕ್ಕೆ ಓಡಿಬಂದ ಗುಲಾಮರನ್ನು ಹಿಡಿದು ಒಡೆಯನಿಗೆ ಒಪ್ಪಿಸಬೇಕೆಂದೇ ಕಾನೂನು ಮಾಡಿದರಂತೆ. "ದೇಶ ಉಳೀಬೇಕು ಅಂತ ಎಲ್ಲರೂ ಹೇಳುದು. ಉಳಿಸ್ಲಿಕ್ಕೆ ಕೊಟ್ಟದ್ದು ಮಾತ್ರ ತಮ್ಮದಲ್ಲದ್ದು" ಎನ್ನುವಾಗ ಅತ್ತಿಗೆಯ ಪೆನ್ನು ನಿಲ್ಲುತ್ತಿತ್ತು. ಕೊನೆಗೆ ಯುದ್ಧವೂ ತಪ್ಪಲಿಲ್ಲ.

ಈ ಪಾಠಕ್ಕೆ ಅವರದ್ದೇ ಒಂದು ಕ್ರಮವಿತ್ತು. ಮಕ್ಕಳನ್ನು ಉತ್ತರ, ದಕ್ಷಿಣ, ಪಶ್ಚಿಮ ಎಂದು ಮೂರು ಗುಂಪು ಮಾಡುವುದು. ಗಂಟೆ ಹೊಡೆಯುವುದರೊಳಗೆ ಎಲ್ಲರೂ ಒಪ್ಪುವ ಒಂದು ಕರಾರು ಮಾಡಿಕೊಂಡು ಬನ್ನಿ ಎನ್ನುವುದು. ಮಕ್ಕಳು ಕಿರುಚಾಡಿ, ಚೌಕಾಸಿ ಮಾಡಿ, ಕೊನೆಗೆ ಕೈಕುಲುಕಿ ಚಪ್ಪಾಳೆ ಹೊಡೆಯುತ್ತಿದ್ದರು. ಆಗ ಅತ್ತಿಗೆ ಕೇಳುತ್ತಿದ್ದರು: ಯಾರ ಬಗ್ಗೆ ಇಷ್ಟು ಹೊತ್ತು ಮಾತಾಡಿದಿರೋ ಅವರನ್ನು ಯಾರಾದರೂ ಒಂದು ಮಾತು ಕೇಳಿದಿರಾ? ಒಂದು ವರ್ಷ ಇಲ್ಲಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಅವರ ಗುಂಪನ್ನು ನೀವೇ ಮಾಡಲಿಲ್ಲವಲ್ಲ!" ಎಂದು ಸಿಟ್ಟು ಮಾಡಿದಳಂತೆ. "ನಾನು ಮಾಡ್ಲಿಲ್ಲ, ಸರಿ. ನಿಂಗೆ ನೆನಪಾಗ್ಲಿಲ್ಲ ಯಾಕೆ?" ಎಂದು ಇವರು ತಿರುಗಿ ಕೇಳಿದರಂತೆ. ಮನೆಗೆ ಬಂದು, "ಪ್ರತಿ ವರ್ಷ ಮಕ್ಕಳು ಇಲ್ಲೇ ಬೀಳ್ತಾರೆ, ಒಬ್ಬರೂ ತಪ್ಪಿಸಿಕೊಳ್ಳುದಿಲ್ಲ" ಎಂದು ಹೇಳಿಕೊಂಡು ನಗುತ್ತಿದ್ದರು.

ಅಲ್ ಐನ್‌ನಲ್ಲಿ ಕನ್ನಡದವರು ದುಬೈಯಲ್ಲಿದ್ದಷ್ಟು ಇಲ್ಲ. ಇದ್ದವರನ್ನು ಕಲೆಹಾಕಿ ಕೂಟವೊಂದನ್ನು ಕಟ್ಟಿದ್ದು ಅತ್ತಿಗೆ ಮತ್ತು ಮೈಸೂರಿನ ಒಬ್ಬ ಎಂಜಿನಿಯರರು. ರಾಜ್ಯೋತ್ಸವ, ಯುಗಾದಿ, ಮಕ್ಕಳಿಗೆ ವಾರಕ್ಕೊಮ್ಮೆ ಅ ಆ ಇ ಈ. ಅತ್ತಿಗೆಗೆ ಮಕ್ಕಳಾಗಿರಲಿಲ್ಲ. ಕೂಟವೇ ಅವರ ಮಗು ಎಂದು ಜನ ಹೇಳುತ್ತಿದ್ದರು. ಆ ಮಾತು ಅವರಿಗೆ ಹಿಡಿಸುತ್ತಿರಲಿಲ್ಲ, ಆದರೆ ಸುಳ್ಳೂ ಅಲ್ಲ. ಸನಾಯಾದಲ್ಲಿ, ಎಂದರೆ ಗ್ಯಾರೇಜುಗಳೂ ಕಾರ್ಮಿಕರ ಕ್ಯಾಂಪುಗಳೂ ಇರುವ ಕಡೆ, ಕಲಬುರಗಿ, ರಾಯಚೂರಿನ ಹುಡುಗರಿದ್ದಾರೆಂದು ತಿಳಿದಾಗ ತಾವೇ ಹೋಗಿ ಕರೆದು ಬಂದಿದ್ದರು. ಅವರಲ್ಲೊಬ್ಬ ಮೇಸ್ತ್ರಿ ಚೆನ್ನಾಗಿ ತತ್ವಪದ ಹಾಡುತ್ತಿದ್ದ. ಒಂದು ವರ್ಷದ ರಾಜ್ಯೋತ್ಸವಕ್ಕೆ ಅವನ ತಂಡದ ಹಾಡು ಎಂದು ಬೇಸಿಗೆಯಲ್ಲೇ ಮಾತಾಗಿತ್ತು. ರಜೆಯ ದಿನಗಳಲ್ಲಿ ಅವರು ಅಭ್ಯಾಸವನ್ನೂ ಶುರುಮಾಡಿದ್ದರು.

ಜಗಳ ಬಂದದ್ದು ಬೇರೆ ಕಡೆಯಿಂದ. ಕರಾವಳಿಯವರಿಗೆ ಯಕ್ಷಗಾನ ಬೇಕು, ಮೈಸೂರು-ಬೆಂಗಳೂರಿನವರಿಗೆ ತಮ್ಮ ಮಕ್ಕಳ ನೃತ್ಯರೂಪಕ ಬೇಕು. ಹಾಲ್ ಸಿಕ್ಕಿದ್ದು ಒಂದು ಸಂಜೆಗೆ ಮಾತ್ರ. ನಮ್ಮ ಮನೆಯಲ್ಲಿ ವಾರ ವಾರ ಸಭೆ. ನಾನು ಚಹಾ ಮಾಡಿ ಮಾಡಿ ಸೋತೆ.

"ನೀವು ನಿಮ್ಮ ನಿಮ್ಮಲ್ಲೇ ತುಳು ಮಾತಾಡ್ಕೊಂಡು ನಗ್ತೀರ. ನಾವು ಗೋಡೆ ನೋಡ್ಕೊಂಡು ಕೂತ್ಕೋಬೇಕು" ಎಂದರು ಎಂಜಿನಿಯರರು.

"ನೀವು ಮಕ್ಕಳ ಹತ್ರ ಇಂಗ್ಲಿಷ್ ಮಾತಾಡುವಾಗ ನಾವೂ ಗೋಡೆಯೇ ನೋಡುದು ಸ್ವಾಮಿ" ಎಂದ ಅಣ್ಣ. ಯಕ್ಷಗಾನದಲ್ಲಿ ರಾಕ್ಷಸನ ವೇಷ ಅವನದ್ದೇ. ಟಯರ್ ಅಂಗಡಿಯ ಸ್ಟೋರಿನಲ್ಲಿ ದುಡಿದು ಹೈರಾಣಾಗಿ ಬಂದವನು ಕನ್ನಡಿಯ ಮುಂದೆ ನಿಂತು ಹೆಜ್ಜೆ ಹಾಕುತ್ತಿದ್ದ. ಊರಿನಿಂದ ಕಿರೀಟ, ಗೆಜ್ಜೆ ಬಂದಾಗಿತ್ತು.

ಕೊನೆಯ ಸಭೆಯಲ್ಲಿ ಕೂಟ ಒಡೆದೇ ಹೋಗುವ ಹಾಗಿತ್ತು. ಅತ್ತಿಗೆ ಕಾಗದ ಹಿಡಿದು ಹೊತ್ತು ಕೂಡಿಸಿದರು, ಕಳೆದರು. ಎಲ್ಲವೂ ಸೇರುತ್ತಿತ್ತು, ಒಂದನ್ನು ಬಿಟ್ಟರೆ.

"ಸನಾಯಾದವರದ್ದು ಮುಂದಿನ ವರ್ಷ ಇಟ್ಕೊಳೋಣ ಮೇಡಂ. ಪಾಪ, ಅವರೇನೂ ಬೇಜಾರು ಮಾಡ್ಕೊಳಲ್ಲ" ಎಂದರು ಎಂಜಿನಿಯರರು.

"ಅವರನ್ನು ಕರ್ಕೊಂಡು ಬರುವ ಬಸ್ಸಿನ ರಗಳೆಯೂ ಇಲ್ಲ" ಎಂದ ಅಣ್ಣ. ಎಷ್ಟೋ ವಾರಗಳ ಮೇಲೆ ಇಬ್ಬರ ಮಾತೂ ಕೂಡಿತ್ತು.

"ಸರಿ, ಹಾಗೇ ಆಗ್ಲಿ" ಎಂದರು ಅತ್ತಿಗೆ. "ಖಲಾಸ್!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾನು ಪಾಯಸ ಬಡಿಸಿದೆ. ಅಂದು ಅತ್ತಿಗೆಯ ಮುಖದಲ್ಲಿದ್ದ ನೆಮ್ಮದಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಮಾರನೆಯ ದಿನ ಅವರು ಶಾಲೆಯಿಂದ ಬಂದು ಶೂ ಬಿಚ್ಚುತ್ತಿದ್ದಾಗ ಮೇಸ್ತ್ರಿಯ ಫೋನು ಬಂತು. ಅತ್ತಿಗೆ ಯಾವಾಗಲೂ ಸ್ಪೀಕರಿಗೆ ಹಾಕಿ ಮಾತಾಡುವವರು.

"ಅಕ್ಕಾರ, ಬಸ್ಸು ಎಷ್ಟಕ್ಕ ಬರ್ತದ್ರಿ? ನಮ್ಮ ಹುಡ್ರೆಲ್ಲ ಆ ಸಂಜಿ ಓವರ್‌ಟೈಮ್ ಬ್ಯಾಡಂತ ಹೇಳಿ ಬಿಟ್ಟಾರ. ಬಿಳಿ ಅಂಗೀನೂ ಹೊಲಿಸ್ಯಾರ ನೋಡ್ರಿ."

ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅತ್ತಿಗೆ ಒಂದು ಕಾಲಿನಲ್ಲಿ ಶೂ ಇಟ್ಟುಕೊಂಡೇ ಕುರ್ಚಿಯಲ್ಲಿ ಕೂತರು. "ಆಮೇಲೆ ಹೇಳ್ತೇನೆ ಅಣ್ಣ" ಎಂದು ಫೋನಿಟ್ಟು ನನ್ನ ಮುಖ ನೋಡಿದರು.

"ನಾನೂ ಬಿದ್ದೆ ಮಾರಾಯ್ತಿ" ಎಂದರು. "ಇಷ್ಟು ವರ್ಷ ಕಲಿಸಿದವಳೇ ಬಿದ್ದೆ."

ಅಂದೇ ಎಲ್ಲರಿಗೂ ಫೋನ್ ಮಾಡಿದರು. ಹಾಡು ಇರಬೇಕು ಎಂದರು. ಎಂಜಿನಿಯರರು, "ಈಗ ಒಂದು ಇಟ್ಟಿಗೆ ಎಳೆದ್ರೆ ಗೋಡೆನೇ ಬೀಳುತ್ತೆ ಮೇಡಂ" ಎಂದರು. ಕೂಡಿಬಂದದ್ದು ಎಷ್ಟು ಕಷ್ಟದಿಂದ ಎಂದು ಅತ್ತಿಗೆಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಸಭೆ ಕರೆದು, "ಕರಾವಳಿಯವರ ಪರವಾಗಿ ಮಾತಾಡುವವಳು ನಾನು, ನಮ್ಮ ಪಾಲಿನ ಹೊತ್ತನ್ನೇ ಬಿಟ್ಟುಕೊಡ್ತೇನೆ" ಎಂದುಬಿಟ್ಟರು. ಬೇರೆಯವರದ್ದನ್ನು ಕೊಡಲು ಅವರಿಗೆ ಮನಸ್ಸಿರಲಿಲ್ಲ.

ಅಣ್ಣ ಎದ್ದು ನಿಂತ. "ನನ್ನ ವೇಷ ಬಿಚ್ಚಿಸ್ಲಿಕ್ಕೆ ನೀನು ಯಾರು? ನನ್ನನ್ನು ಒಂದು ಮಾತು ಕೇಳಿದೆಯಾ?"

ಅವನು ಹೇಳಿದ್ದೂ ನಿಜವೇ ಆಗಿತ್ತು.

ಕರಾವಳಿಯವರು ಎದ್ದು ಹೋದರು. ರಾಜ್ಯೋತ್ಸವದ ಅದೇ ಸಂಜೆಗೆ ಬೇರೊಂದು ಹಾಲ್ ಹಿಡಿದರು. ಹಾಗೆ ಒಂದು ಕೂಟ ಎರಡಾಯಿತು. ಆ ದಿನ ಅಣ್ಣ ಕಿರೀಟದ ಪೆಟ್ಟಿಗೆ ಹೊತ್ತು ಒಂದು ಕಾರಿನಲ್ಲಿ ಹೋದ, ಅತ್ತಿಗೆ ಟ್ಯಾಕ್ಸಿ ಹಿಡಿದು ಇನ್ನೊಂದು ಕಡೆ ಹೋದರು. ನನಗೆ ಕ್ಲಿನಿಕ್ಕಿನಲ್ಲಿ ಡ್ಯೂಟಿ ಇತ್ತು. ಹಾಡು ಹೇಗಾಯಿತು ಎಂದು ಕೇಳಿದ್ದಕ್ಕೆ ಅತ್ತಿಗೆ, "ಆಯ್ತು. ಕುರ್ಚಿ ಅರ್ಧ ಖಾಲಿ ಇತ್ತು" ಎಂದಷ್ಟೇ ಹೇಳಿದರು. ಅಣ್ಣ ಏನನ್ನೂ ಕೇಳಲಿಲ್ಲ.

ಅಲ್ಲಿಂದ ಅವರು "ಕೂಟ ಒಡೆದವಳು" ಆದರು. ಸೂಪರ್ ಮಾರ್ಕೆಟಿನಲ್ಲಿ ಎದುರಾದವರು ತರಕಾರಿ ಆರಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದರು. ಎಂಜಿನಿಯರರ ಮಕ್ಕಳು ಮನೆಗೆ ಬರುವುದು ನಿಂತಿತು. ಅಣ್ಣ ಅತ್ತಿಗೆ ಮಾತು ಬಿಡಲಿಲ್ಲ. ಆದರೆ ಆ ಒಂದು ವಿಷಯವನ್ನು ಇಬ್ಬರೂ ಸುತ್ತುಹಾಕಿ ನಡೆಯುತ್ತಿದ್ದರು, ಮನೆಯ ನಡುವೆ ಯಾರೋ ಮಲಗಿದ್ದಾರೆ ಎನ್ನುವಂತೆ.

ಒಮ್ಮೆ ಬಟ್ಟೆ ಮಡಚುವಾಗ ಕೇಳಿದೆ: "ಅತ್ತಿಗೆ, ನಿಮಗೆ ಬೇಸರ ಇಲ್ವಾ?"

"ಉಂಟು. ಸರಿಯಾದ್ದು ಮಾಡಿದ್ರೆ ಒಳ್ಳೆ ನಿದ್ದೆ ಬರ್ತದೆ ಅಂತ ಹೇಳ್ತಾರಲ್ಲ, ಅದು ಸುಳ್ಳು" ಎಂದರು. ಮಡಚಿದ ಬಟ್ಟೆಯನ್ನು ಪಕ್ಕಕ್ಕಿಟ್ಟು, "ಇದನ್ನು ಅಮೆರಿಕದ್ದಕ್ಕೆ ಹೋಲಿಸ್ಬೇಡ. ಅಲ್ಲಿ ಮನುಷ್ಯರನ್ನು ಮಾರ್ತಿದ್ರು. ಇಲ್ಲಿ ಬಿಟ್ಟುಹೋದದ್ದು ಒಂದು ಹಾಡು. ಎರಡೂ ಒಂದೇ ಅಂದ್ರೆ ಅವರಿಗೆ ಅವಮಾನ. ಆದ್ರೆ ಮರೆಯುವ ರೀತಿ ಉಂಟಲ್ಲ, ಅದು ಒಂದೇ" ಎಂದರು.

ಅವರು ಕಾಯಿಲೆ ಬಿದ್ದಾಗ ಎರಡೂ ಕೂಟದವರು ಆಸ್ಪತ್ರೆಗೆ ಬಂದರು, ಒಟ್ಟಿಗೆ ಅಲ್ಲ. ಒಬ್ಬರು ಲಿಫ್ಟಿನಿಂದ ಇಳಿಯುವುದನ್ನು ಕಾದು ಇನ್ನೊಬ್ಬರು ಹತ್ತುತ್ತಿದ್ದರು. ಅತ್ತಿಗೆ ಇಬ್ಬರ ಹಣ್ಣನ್ನೂ ನರ್ಸುಗಳಿಗೆ ಹಂಚಲು ಹೇಳಿದರು. ಊರಿಗೆ ಒಯ್ಯುವುದು ಬೇಡ, ಇಲ್ಲೇ ಮುಗಿಸಿ ಎಂದು ಮೊದಲೇ ಹೇಳಿದ್ದರಿಂದ ಊರ ಹೊರಗಿನ ಚಿತಾಗಾರದಲ್ಲಿ ಎಲ್ಲವೂ ಮುಗಿಯಿತು. ಎಂಜಿನಿಯರರು ದೂರದಲ್ಲಿ, ತಮ್ಮ ಕಾರಿಗೆ ಒರಗಿ ನಿಂತಿದ್ದರು. ಹತ್ತಿರ ಬರಲಿಲ್ಲ, ಹೊರಟೂ ಹೋಗಲಿಲ್ಲ. ಅಣ್ಣ ಅಳಲಿಲ್ಲ. ಕಾಗದಪತ್ರ, ಫೋನು, ವೀಸಾ ರದ್ದು ಮಾಡಿಸುವುದು ಎಂದು ಓಡಾಡುತ್ತಲೇ ಇದ್ದ.

ಮೂರನೆಯ ದಿನ ಬಾಗಿಲು ಸದ್ದಾಯಿತು. ಮೇಸ್ತ್ರಿ ಮತ್ತು ಅವನ ಸಂಗಡಿಗರು. ಚಪ್ಪಲಿ ಬಿಟ್ಟು ಹೊರಗೇ ನಿಂತಿದ್ದರು.

"ಸುದ್ದಿ ತಡಾ ಆಗಿ ಬಂತ್ರಿ ಅಣ್ಣಾರ. ಮಣ್ಣಿಗೆ ಬರಾಕ ಆಗಲಿಲ್ಲ. ನಮ್ಮ ಕಡಿ ಹಾಡಿ ಕಳಸ್ತೀವ್ರಿ. ನಿಮ್ಮಲ್ಲಿ ಹ್ಯಾಂಗೋ ಏನೋ."

ನಮ್ಮಲ್ಲಿ ಸೂತಕದ ಮನೆಯಲ್ಲಿ ಹಾಡುವುದಿಲ್ಲ. ನಾನು ಅಣ್ಣನ ಮುಖ ನೋಡಿದೆ. ಅವನು ಒಳಗೆ ಹೋಗಿ ಚಾಪೆ ತಂದು ಹಾಸಿದ.

"ಕೂತ್ಕೊಳ್ಳಿ. ಅವತ್ತು ರಾಜ್ಯೋತ್ಸವದಲ್ಲಿ ಹಾಡಿದ್ದೇ ಹಾಡಿ. ನಾನು ಕೇಳ್ಲಿಲ್ಲ" ಎಂದ.

ಅವರು ಹಾಡಿದರು. ವಾದ್ಯವೇನೂ ತಂದಿರಲಿಲ್ಲ, ಕೈತಾಳ ಅಷ್ಟೇ. ಮನೆಯನ್ನು ಬಿಟ್ಟು ಹೋಗುವ ಹಕ್ಕಿಯ ಪದ. ಮೇಸ್ತ್ರಿಯ ದನಿ ಒಡೆದಾಗ ಉಳಿದವರು ಎತ್ತಿಕೊಂಡರು. ಅಣ್ಣ ನೆಲದ ಮೇಲೆ, ಗೋಡೆಗೆ ಬೆನ್ನು ಕೊಡದೆ ನೆಟ್ಟಗೆ ಕೂತಿದ್ದ. ಹಾಡು ಮುಗಿಯಿತು. ಒಲೆಯ ಮೇಲೆ ನಾನಿಟ್ಟ ಚಹಾದ ನೀರು ಇನ್ನೂ ಕುದಿದಿರಲಿಲ್ಲ.

"ಇಷ್ಟೇಯಾ?" ಎಂದು ಕೇಳಿದ ಅಣ್ಣ. "ಇಷ್ಟೇ ಹೊತ್ತಿನದ್ದಾ?"

"ಇಷ್ಟ ರಿ" ಎಂದ ಮೇಸ್ತ್ರಿ, ತಪ್ಪು ಮಾಡಿದವನಂತೆ. "ಅವತ್ತು ಜನಾ ಭಾಳ ಇರಲಿಲ್ರಿ. ಅಕ್ಕಾರು ಮುಂದಿನ ಸಾಲಿನ್ಯಾಗ ಒಬ್ಬರ ಕುಂತಿದ್ರು. ಅವರ ಮಗ್ಗಲ ಕುರ್ಚಿ ಮ್ಯಾಲ ಬ್ಯಾಗ್ ಇಟ್ಟಿದ್ರು, ಯಾರೂ ಕುಂದರಬಾರದಂತ. ‘ನಮ್ಮ ಮನಿಯವ್ರು ಬರ್ತಾರ, ಇನ್ನೊಂದ್ ಸಲ ಹಾಡ್ರಿ’ ಅಂದ್ರು. ಎರಡು ಸಲ ಹಾಡಿದ್ವಿ."

ಅಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಭುಜಗಳು ಅಲುಗುವುದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಹತ್ತಿರ ಹೋಗಲಿಲ್ಲ.

"ಬಂದಿದ್ದೇನೆ" ಎಂದ, ಕೈಯೊಳಗಿಂದಲೇ. "ಹಾಡಿ."