ಹಾರ್ಡ್ ಡಿಸ್ಕಿಗೆ ಕಿವಿಗೊಟ್ಟ ಕಸ್ತೂರಕ್ಕ

ಹಾರ್ಡ್ ಡಿಸ್ಕು ಕೈಗೆ ಬಂದರೆ ಕಸ್ತೂರಕ್ಕ ಮೊದಲು ಅದನ್ನು ಕಿವಿಗೆ ಹಿಡಿಯುತ್ತಿದ್ದಳು. ವೈರು ಜೋಡಿಸಿ, ಕರೆಂಟು ಕೊಟ್ಟು, ತಲೆಯ ಮೇಲಿನ ಸೆರಗನ್ನು ತುಸು ಹಿಂದೆ ಸರಿಸಿ, ಆ ಲೋಹದ ಡಬ್ಬಿಯನ್ನು ಕೆನ್ನೆಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಆಗ ಅಂಗಡಿಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಫ್ಯಾನು ಕೂಡ ಬಂದ್. ಒಂದು ನಿಮಿಷ ಬಿಟ್ಟು ಕಣ್ಣು ತೆರೆದು, "ಇದಕ್ಕ ಇನ್ನೂ ಎರಡ ವರ್ಷ ಚಿಂತಿಲ್ಲ" ಎಂದೋ, "ಇವತ್ತ ಸಂಜೀ ಒಳಗ ಇದರಾಗಿನ ಸಾಮಾನೆಲ್ಲಾ ಬ್ಯಾರೆ ಕಡೆ ಸಾಗಸ್ರಿ" ಎಂದೋ ಹೇಳುತ್ತಿದ್ದಳು. ಆಕೆಯ ಮಾತು ಸುಳ್ಳಾದದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

ನವಲಗುಂದದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಕೆಯ ಅಂಗಡಿ. ಎರಡು ಶಟರ್ ದಾಟಿದರೆ ನನ್ನ ಫೋಟೋ ಸ್ಟುಡಿಯೋ. ಅದು ಮೊದಲು ಆಕೆಯ ಗಂಡನ ರೇಡಿಯೋ, ಟಿವಿ ರಿಪೇರಿ ಅಂಗಡಿಯಾಗಿತ್ತು. ಆತ ತೀರಿಕೊಂಡಾಗ, ಜನರು ಬಿಟ್ಟುಹೋಗಿದ್ದ ಸಾಮಾನುಗಳನ್ನು ವಾಪಸ್ ಕೊಡಲೆಂದು ಹದಿನೈದು ದಿನದ ಮಟ್ಟಿಗೆ ಬಂದು ಕುಳಿತವಳು ಮತ್ತೆ ಏಳಲೇ ಇಲ್ಲ. ಓದಿದ್ದು ಹತ್ತನೇ ಇಯತ್ತೆ. ಊರಿಗೆ ಕಂಪ್ಯೂಟರ್ ಬಂದಾಗ ದಿನಾ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ, ಅಲ್ಲೊಬ್ಬ ಮೆಕ್ಯಾನಿಕ್ಕನ ಬಾಜು ಆರು ತಿಂಗಳು ಕುಳಿತು ಕೆಲಸ ಕಲಿತಳು. ಟೇಬಲ್ಲಿನ ಮೇಲಿನ ಗೋಡೆಗೆ ಬುದ್ಧನ ಫೋಟೋ ಇತ್ತು. ಕೆಲವು ಮನೆಯವರು ಆ ಫೋಟೋ ನೋಡಿಯೋ, ಹೆಣ್ಣುಮಗಳೆಂದೋ, ಆಕೆಯ ಅಂಗಡಿ ದಾಟಿ ಹುಬ್ಬಳ್ಳಿಗೆ ಹೋಗುತ್ತಿದ್ದರು. ಕಾರಣ ಅವರು ಹೇಳುತ್ತಿರಲಿಲ್ಲ, ಈಕೆ ಕೇಳುತ್ತಿರಲಿಲ್ಲ.

ನನಗೆ ಆಕೆಯ ಬೆಲೆ ತಿಳಿದದ್ದು ಒಂದು ಮದುವೆ ಸೀಜನ್ನಿನಲ್ಲಿ. ನನ್ನ ಹಾರ್ಡ್ ಡಿಸ್ಕು ಟಕ್ ಟಕ್ ಎಂದು ಬಡಿದುಕೊಳ್ಳಲು ಶುರುಮಾಡಿತು. ಎಂಟು ಮದುವೆಗಳ ಫೋಟೋ ಅದರೊಳಗೇ ಇದ್ದವು. ಕಸ್ತೂರಕ್ಕ ಅದನ್ನು ಅಡ್ಡ ಮಲಗಿಸಿ ನೋಡಿದಳು, ನಿಲ್ಲಿಸಿ ನೋಡಿದಳು. ಒಂದು ಕಡೆ ವಾಲಿಸಿ ಇಟ್ಟಾಗ ಬಡಿತ ಕಡಿಮೆಯಾಯಿತು. ಹಾಗೇ ಇಟ್ಟು, ಸ್ವಲ್ಪ ಸ್ವಲ್ಪವೇ ಕಾಪಿ ಮಾಡುತ್ತ, ಬಿಸಿಯಾದರೆ ಬಂದ್ ಮಾಡಿ ಆರಿಸುತ್ತ, ಎರಡು ದಿನ ಅದರ ಮುಂದೆಯೇ ಕುಳಿತಳು. ಎಂಟೂ ಮದುವೆ ಹೊರಗೆ ಬಂದವು. ನಾನು ಕೈಮುಗಿದೆ. ಅದನ್ನು ನೋಡದವಳಂತೆ, "ಎರಡನೇ ಕಾಪಿ ಎಲ್ಲೈತ್ರಿ, ಅಣ್ಣಾರ?" ಎಂದು ಕೇಳಿದಳು. ಇಲ್ಲ ಎಂದೆ. "ಒಂದ ಕಾಪಿ ಅಂದ್ರ ಅದು ಕಾಪಿನ ಅಲ್ಲರಿ" ಎಂದು ಮುಂದಿನ ಗಿರಾಕಿಯ ಕಡೆ ತಿರುಗಿದಳು.

ಆಮೇಲೆ ಹಾರ್ಡ್ ಡಿಸ್ಕಿನ ಬದಲಿಗೆ ಎಸ್‌ಎಸ್‌ಡಿ ಬಂತು. ಈಗ ಎಲ್ಲರ ಲ್ಯಾಪ್‌ಟಾಪಿನಲ್ಲೂ ಅದೇ ಇದೆ. ಆಗ ಹುಬ್ಬಳ್ಳಿಯಲ್ಲೂ ಅದನ್ನು ಕಂಡವರು ಕಡಿಮೆ. ಬೀಡಿ ಕಟ್ಟಿನಷ್ಟು ಹಗುರ, ಸಾಮಾನು ಹಿಡಿಯುವುದು ಕಡಿಮೆ, ಬೆಲೆ ಮಾತ್ರ ಆನೆಯದು. ನಾನು ಒಂದನ್ನು ಕೊಂಡು ತಂದು ಆಕೆಯ ಟೇಬಲ್ಲಿನ ಮೇಲೆ ಇಟ್ಟೆ. ಇನ್ನು ಹಾರ್ಡ್ ಡಿಸ್ಕಿನ ಕಾಲ ಮುಗಿಯಿತು, ವಿಡಿಯೋ ಎಡಿಟಿಂಗ್ ಎಲ್ಲ ಇದರಲ್ಲೇ ಎಂದೆ.

ಕಸ್ತೂರಕ್ಕ ಕೆಟ್ಟುಹೋದ ಒಂದು ಹಾರ್ಡ್ ಡಿಸ್ಕಿನ ಮುಚ್ಚಳ ತೆಗೆದು ಪಕ್ಕದಲ್ಲಿ ಇಟ್ಟುಕೊಂಡಳು. ಒಳಗೆ ಕನ್ನಡಿಯಂಥ ತಟ್ಟೆ, ಅದರ ಮೇಲೆ ಓಡಾಡುವ ಸಣ್ಣ ಕೈ. ಎರಡನ್ನೂ ಬಹಳ ಹೊತ್ತು ನೋಡಿದಳು.

"ಇದರಾಗ ತಿರಗೂದು ಇಲ್ಲ, ತಿಕ್ಕೂದು ಇಲ್ಲ. ನೀವು ಗಾಡಿ ಮ್ಯಾಲೆ ಒಯ್ದರೂ ಏನೂ ಆಗಂಗಿಲ್ಲ, ನಮ್ಮೂರ ಧೂಳಿಗೂ ಅಂಜಂಗಿಲ್ಲ. ಓಟಾನೂ ಜೋರ. ಎಲ್ಲಾ ಖರೇ" ಎಂದಳು. "ಆದ್ರ ಹಾರ್ಡ್ ಡಿಸ್ಕ್ ಸಾಯೂ ಮುಂದ ಒದರತೈತ್ರಿ. ಉಳಸಕೋಳಾಕ ನಮಗ ಎರಡ ದಿನಾನರ ಸಿಗತಾವ. ಇದು ಒದರಂಗಿಲ್ಲ. ಕರೆಂಟ್ ಹೋಗಿ ಬಂದ್ರ ಏಳತೈತೋ ಇಲ್ಲೋ, ಯಾರಿಗೂ ಹೇಳಾಕ ಬರಂಗಿಲ್ಲ. ಹೊಸಾ ಮಾಲು. ಇದರ ಸ್ವಭಾವ ಇನ್ನೂ ತಿಳಿದಿಲ್ಲ."

ಏನು ಮಾಡಲಿ ಎಂದು ಕೇಳಿದೆ.

"ಓಡಾಕ ಹೊಸಾದು, ಇಡಾಕ ಹಳೇದು. ಎರಡೂ ಇರಲಿ."

ನಾನು ನಕ್ಕು, ನೀವು ಚಕ್ಕಡಿ ಕಾಲದವರು ಎಂದೆ. ಆಕೆಯೂ ನಕ್ಕಳು. ಎಸ್‌ಎಸ್‌ಡಿ, ಗಟ್ಟಿಯಿದ್ದ ಒಂದು ಹಳೆಯ ಹಾರ್ಡ್ ಡಿಸ್ಕು, ಎರಡನ್ನೂ ನನ್ನ ಕಂಪ್ಯೂಟರಿಗೆ ಜೋಡಿಸಿಕೊಟ್ಟಳು. ಮೊದಲು ಚಹ ಕುಡಿದು ಬಂದರೂ ತೆರೆಯದಿದ್ದ ಕಂಪ್ಯೂಟರ್ ಈಗ ಹಾ ಅನ್ನುವುದರೊಳಗೆ ತೆರೆದುಕೊಂಡಿತು. ಅದನ್ನು ನೋಡಲಿಕ್ಕೆಂದೇ ಆಕೆ ಮೂರು ಸಲ ಬಂದ್ ಮಾಡಿ ಚಾಲೂ ಮಾಡಿದಳು. "ಅಗದಿ ಚಿಗರಿ ಓಡಿದಂಗ ಓಡತೈತಲ್ರಿ" ಎನ್ನುವಾಗ ಆಕೆಯ ಮುಖ ನೋಡಬೇಕಿತ್ತು. ಹೊಸದನ್ನು ಕಂಡರೆ ಆಗದವಳಲ್ಲ ಆಕೆ. ನಂಬುವ ಮೊದಲು ತಿಳಿದುಕೊಳ್ಳಬೇಕು ಎನ್ನುವವಳು, ಅಷ್ಟೇ.

ಆ ವರ್ಷ ಕುಬಿಹಾಳದಲ್ಲಿ ಒಂದು ಮದುವೆ ಹಿಡಿದೆ. ಹೆಣ್ಣಿನ ತಂದೆ ಚನ್ನಬಸಪ್ಪನವರದು ಎತ್ತರದ ಆಳು, ದೊಡ್ಡ ದನಿ. ಮಗಳನ್ನು ಕಳಿಸಿಕೊಡುವಾಗ ಅಳಿಯನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಏನೋ ಹೇಳಿದರು. ಸುತ್ತಲಿದ್ದ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ನಾನು ಲೈಟು ನೋಡುತ್ತಿದ್ದೆ, ಮಾತು ಕಿವಿಗೆ ಬೀಳಲಿಲ್ಲ. ಕ್ಯಾಮೆರಾದಲ್ಲಿ ಬಂದಿರುತ್ತದಲ್ಲ ಎಂದುಕೊಂಡೆ.

ವಿಡಿಯೋವನ್ನೆಲ್ಲ ಎಸ್‌ಎಸ್‌ಡಿಗೆ ಸುರಿದೆ. ಅಲ್ಲಿ ಜಾಗ ಸಾಲದೆ ಫೋಟೋಗಳನ್ನು ಮಾತ್ರ ಹಳೆಯ ಹಾರ್ಡ್ ಡಿಸ್ಕಿಗೆ ಹಾಕಿದೆ. ಮರುದಿನ ಅಣ್ಣಿಗೇರಿಯಲ್ಲಿ ಇನ್ನೊಂದು ಮದುವೆ ಇತ್ತು, ಕ್ಯಾಮೆರಾದ ಕಾರ್ಡು ಅಳಿಸಿದೆ. ಹಳೆಯ ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿತ್ತು. ವಿಡಿಯೋದ ಇನ್ನೊಂದು ಕಾಪಿ ಹಾಕಲು ಮುಕ್ಕಾಲು ತಾಸು ಸಾಕಿತ್ತು. ನಾಳೆ ಮಾಡಿದರಾಯಿತು ಎಂದು ಬಿಟ್ಟೆ. ಆ ನಾಳೆ ಎಂಟು ದಿನ ಮುಂದೆ ಹೋಯಿತು.

ಒಂಬತ್ತನೆಯ ದಿನ ಮಧ್ಯಾಹ್ನ ಕರೆಂಟು ಹೋಗಿ ಬಂತು. ಬ್ಯಾಟರಿ ಕೈಕೊಟ್ಟಿತ್ತು. ಕಂಪ್ಯೂಟರ್ ಮತ್ತೆ ಚಾಲೂ ಆದಾಗ ಒಳಗೆ ಎಸ್‌ಎಸ್‌ಡಿ ಇದೆಯೆಂಬುದೇ ಅದಕ್ಕೆ ಗೊತ್ತಿರಲಿಲ್ಲ.

ಬಿಚ್ಚಿಕೊಂಡು ಕಸ್ತೂರಕ್ಕನ ಹತ್ತಿರ ಓಡಿದೆ. ಆಕೆ ರೂಢಿಯಂತೆ ಅದನ್ನು ಕಿವಿಯವರೆಗೆ ಎತ್ತಿ, ನೆನಪಾಗಿ ಕೆಳಗಿಟ್ಟಳು. "ಇದರಾಗ ಕೇಳಾಕ ಏನೂ ಇಲ್ಲಲ್ರಿ" ಎಂದಳು ಮೆಲ್ಲಗೆ. ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ವೈರು ಬದಲಿಸಿದಳು, ಬೇರೆ ಮಷೀನಿಗೆ ಹಾಕಿದಳು, ಬರೀ ಕರೆಂಟು ಕೊಟ್ಟು ಅರ್ಧ ತಾಸು ಬಿಟ್ಟು ನೋಡಿದಳು, ಹುಬ್ಬಳ್ಳಿಯ ತನ್ನ ಗುರುವಿಗೆ ಫೋನು ಹಚ್ಚಿದಳು. ಕೊನೆಗೆ ಬೆಂಗಳೂರಿಗೂ ಪಾರ್ಸೆಲ್ ಕಳಿಸಿದೆವು. ಅಲ್ಲಿಂದಲೂ ಹಾಗೇ ತಿರುಗಿ ಬಂತು.

ಅದೇ ವಾರ ಕುಬಿಹಾಳದಿಂದ ಸುದ್ದಿ ಬಂತು. ಚನ್ನಬಸಪ್ಪನವರು ಹೊಲದಿಂದ ಮನೆಗೆ ಬಂದು, ನೀರು ಕೇಳಿ, ಕುಡಿಯುವ ಮೊದಲೇ ಹೋಗಿಬಿಟ್ಟಿದ್ದರು.

ಕಾರ್ಯ ಮುಗಿಸಿ ಅವರ ಹೆಂಡತಿ ಗಿರಿಜವ್ವ, ಮಗ ಮಂಜುನಾಥ ನನ್ನ ಸ್ಟುಡಿಯೋಕ್ಕೆ ಬಂದರು. ಫೋಟೋಗಳನ್ನು ಕೊಟ್ಟೆ. ಗಿರಿಜವ್ವ ಒಂದೊಂದನ್ನೂ ನೋಡಿ ಮಡಿಲಲ್ಲಿ ಇಟ್ಟುಕೊಂಡಳು.

"ತಮ್ಮಾ, ಫೋಟೋ ಮಾತಾಡಂಗಿಲ್ಲ. ಅವರ ದನಿ ಇರೂದು ನಿನ್ನ ಕಡೆ ಒಂದ. ಅದನ್ನ ಕೊಡು" ಎಂದಳು.

ಆ ಹೊತ್ತಿಗೆ ನಾನು ಏನು ಹೇಳಬೇಕಿತ್ತೋ ಅದು ನನಗೆ ಗೊತ್ತಿತ್ತು. ಬಾಯಿಗೆ ಬಂದದ್ದು ಬೇರೆ. ಕಸ್ತೂರಕ್ಕನ ಕಡೆ ರಿಪೇರಿಗೆ ಕೊಟ್ಟಿದ್ದೆ, ಆಕೆಯ ಕೈಯಲ್ಲಿ ಎಲ್ಲ ಅಳಿಸಿಹೋಯಿತು ಎಂದೆ. ಎಷ್ಟು ಸರಾಗವಾಗಿ ಹೇಳಿದೆನೆಂದರೆ, ಆ ಕ್ಷಣಕ್ಕೆ ನಾನೇ ಅದನ್ನು ನಂಬಿದೆ.

ಮಂಜುನಾಥ ಎದ್ದು ನೇರವಾಗಿ ಆಕೆಯ ಅಂಗಡಿಗೆ ಹೋದ. ನಾನು ಬಾಗಿಲಲ್ಲಿ ನಿಂತು ನೋಡಿದೆ, ಹಿಂದೆ ಹೋಗಲಿಲ್ಲ. ಹತ್ತು ನಿಮಿಷಕ್ಕೆ ಅವನು ಹೊರಗೆ ಬಂದು, ತಾಯಿಯನ್ನು ಕರೆದುಕೊಂಡು ಹೊರಟುಹೋದ. ಆಕೆ ಅವನಿಗೆ ಹೇಳಿದ್ದು ಒಂದೇ ಮಾತಂತೆ: "ನನ್ನ ಕೈಲೆ ಉಳಸಾಕ ಆಗಲಿಲ್ಲ, ತಮ್ಮಾ." ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಅವನಿಗೆ ಅದು ತಪ್ಪೊಪ್ಪಿಗೆಯಂತೆ ಕೇಳಿಸಿತು.

ಮಾತು ಕುಬಿಹಾಳದಿಂದ ಊರೂರಿಗೆ ಹೋಯಿತು. ಸತ್ತವರ ದನಿಯನ್ನೇ ಅಳಿಸಿದಳಂತೆ ಎಂದರು. ಮೊದಲೇ ಆಕೆಯ ಅಂಗಡಿ ದಾಟಿ ಹೋಗುತ್ತಿದ್ದವರಿಗೆ ಬಾಯಿಬಿಟ್ಟು ಹೇಳಲು ಒಂದು ಕಾರಣ ಸಿಕ್ಕಿತು. ಶಾಲೆಯ ಕಂಪ್ಯೂಟರುಗಳು ಬರುವುದು ನಿಂತಿತು, ಸೊಸೈಟಿಯವೂ ನಿಂತವು. ನಾನು ದಿನಾ ಗಿರಾಕಿಯಿಲ್ಲದ ಆ ಅಂಗಡಿ ದಾಟಿ ಹೋಗಿ ನನ್ನ ಶಟರ್ ಎತ್ತುತ್ತಿದ್ದೆ.

ಆಕೆ ಜಗಳಕ್ಕೆ ಬರಲಿಲ್ಲ. ಒಂದು ವಾರ ಬಿಟ್ಟು, "ಕುಬಿಹಾಳಕ್ಕ ಹೋಗಿ ಬಂದ್ರೇನು, ಅಣ್ಣಾರ?" ಎಂದು ಕೇಳಿದಳು. ಕೆಲಸ ಬಹಳ ಎಂದೆ. ತಿಂಗಳಾದ ಮೇಲೆ ಮತ್ತೊಮ್ಮೆ ಅದನ್ನೇ ಕೇಳಿದಳು. ಯಾಕೆ ಕೇಳುತ್ತಿದ್ದಾಳೆಂದು ತಿಳಿಯದವನ ಹಾಗೆ ಮುಖ ಮಾಡಿದೆ. ಮೂರನೆಯ ಸಲ ಕೇಳಲಿಲ್ಲ. ಎರಡು ವರ್ಷದೊಳಗೆ ಅಂಗಡಿ ಮುಚ್ಚಿ, ಕಲಘಟಗಿ ತಾಲೂಕಿನ ದುಮ್ಮವಾಡದಲ್ಲಿದ್ದ ತಂಗಿಯ ಮನೆಗೆ ಹೋದಳು. ಟೇಬಲ್ಲು ಟೆಂಪೋಕ್ಕೆ ಏರಿಸುವಾಗ ನಾನೂ ಒಂದು ಕಡೆ ಕೈ ಹಚ್ಚಿದೆ.

ವರ್ಷಗಳು ಕಳೆದವು. ಹೋದ ವರ್ಷ ದುಮ್ಮವಾಡದಲ್ಲಿ ಒಂದು ಮನೆ ಪ್ರವೇಶದ ವಿಡಿಯೋಕ್ಕೆ ಹೋದವನು ಕೇಳಿಕೊಂಡು ಆಕೆಯ ಮನೆಗೆ ಹೋದೆ. ಪಡಸಾಲೆಯಲ್ಲಿ ಲ್ಯಾಪ್‌ಟಾಪು ಬಿಚ್ಚಿಕೊಂಡು ಕುಳಿತಿದ್ದಳು. ಬಹಳ ಇಳಿದುಹೋಗಿದ್ದಳು, ಕಾಲು ಬಾತಿದ್ದವು. ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿದಿದೆ ಎಂದು ತಂಗಿ ಹೇಳಿದಳು. ಕಸ್ತೂರಕ್ಕ ಮಾತ್ರ ಕೈಯಲ್ಲಿದ್ದ ಎಸ್‌ಎಸ್‌ಡಿ ತೋರಿಸಿ, "ಈಗ ಇವು ಶ್ಯಾಣ್ಯಾ ಆಗ್ಯಾವ್ರಿ. ನಾನ ಎಲ್ಲಾರಿಗೂ ಇವನ್ನ ಹಾಕಿ ಕೊಡತೇನಿ. ಎರಡನೇ ಕಾಪಿ ಮಾತ್ರ ಹಳೇದರಾಗ ಇಡಸತೇನಿ" ಎಂದಳು.

ಚಹ ಬಂತು. ಕಪ್ಪು ಹಿಡಿದುಕೊಂಡು, ನಿಮಗೊಂದು ಮಾತು ಹೇಳಬೇಕಾಗಿದೆ ಎಂದೆ.

"ಗೊತ್ತೈತ್ರಿ" ಎಂದಳು. "ನೀವು ಏನ ಅಂದ್ರಿ ಅಂತ ಆ ಹುಡುಗ ಅವತ್ತ ನನ್ನ ಮುಂದ ಹೇಳಿದ."

"ಮತ್ತ ಯಾಕ ಸುಮ್ಮನಿದ್ರಿ, ಅಕ್ಕಾರ?"

"ಅವರ ಅಪ್ಪನ ದನಿ ಹೋಗಿತ್ತು. ನಾನಲ್ಲ ಅವರು ಅಂತ ಬಡದಾಡಿದ್ರ ಅದು ತಿರುಗಿ ಬರತಿತ್ತೇನ್ರಿ?" ಸ್ವಲ್ಪ ಹೊತ್ತು ಸ್ಕ್ರೂಗಳನ್ನು ಬಟ್ಟಲಿಗೆ ಹಾಕಿದಳು. "ಅದೂ ಅಲ್ದ, ಒಂದ ವಾರದಾಗ ನೀವ ಹೋಗಿ ಖರೇ ಹೇಳತೀರಿ ಅಂತ ತಿಳಕೊಂಡಿದ್ದೆ."

ಕಪ್ಪು ಕೆಳಗಿಟ್ಟೆ. ಬರುವ ಸೋಮವಾರವೇ ಕುಬಿಹಾಳಕ್ಕೆ ಹೋಗುತ್ತೇನೆ ಎಂದೆ.

"ಹೋಗಿ ಬರ್ರಿ" ಎಂದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಬಾಗಿಲವರೆಗೂ ಬಂದು ಕಳಿಸಿದಳು. ನಾನು ಆಕೆಯನ್ನು ಕಂಡದ್ದು ಅದೇ ಕೊನೆ.

ಆ ಸೋಮವಾರ ನಾನು ಹೋಗಲಿಲ್ಲ. ಮುಂದಿನ ಸೋಮವಾರವೂ ಇಲ್ಲ. ಒಮ್ಮೆ ಬಸ್ಸು ಹತ್ತಿ ಅರ್ಧ ದಾರಿಗೆ ಇಳಿದು ವಾಪಸ್ ಬಂದೆ. ಎಂಟು ತಿಂಗಳಿಗೆ, ಕಸ್ತೂರಕ್ಕ ತೀರಿಕೊಂಡಳೆಂದು ದುಮ್ಮವಾಡದಿಂದ ಆಕೆಯ ತಂಗಿಯ ಫೋನು ಬಂತು. ಹೋಗಿ ಮಣ್ಣು ಮಾಡಿ ಬಂದೆ.

ಅದಾಗಿ ಎರಡು ತಿಂಗಳ ಮೇಲೆ, ಒಂದು ಬೆಳಿಗ್ಗೆ, ಕುಬಿಹಾಳದ ಆ ಮನೆಯ ಕಟ್ಟೆಯ ಮೇಲೆ ಕುಳಿತೆ. ಮಂಜುನಾಥ ಹೊಲಕ್ಕೆ ಹೋಗಿದ್ದ. ಗಿರಿಜವ್ವ ಜೋಳ ಹಸನು ಮಾಡುತ್ತಿದ್ದಳು. ನಾನು ಮೊದಲಿನಿಂದ ಕೊನೆಯವರೆಗೆ, ಕಾಪಿ ಮಾಡದೆ ಬಿಟ್ಟದ್ದು, ಕಾರ್ಡು ಅಳಿಸಿದ್ದು, ಸುಳ್ಳು ಹೇಳಿದ್ದು, ಎಲ್ಲವನ್ನೂ ಹೇಳಿದೆ. ಮೊರದಲ್ಲಿ ಆಡುತ್ತಿದ್ದ ಆಕೆಯ ಕೈ ನಿಂತಿತು. ಬೈಯುತ್ತಾಳೆ ಎಂದು ಕಾದೆ. ಬೈದರೆ ಹಗುರಾಗುತ್ತಿತ್ತು.

"ಇಷ್ಟ ವರ್ಷ ಆ ಹೆಣ್ಣಮಗಳಿಗೆ ಶಾಪಾ ಹಾಕೇನಲ್ಲೋ, ತಮ್ಮಾ" ಎಂದಳು.

ಮೊರ ಕೆಳಗಿಟ್ಟು, ಸೆರಗು ಕೊಡವಿ, ಮೊಣಕಾಲಿಗೆ ಕೈಯೂರಿ ಎದ್ದು ನಿಂತಳು. ಒಳಗೆ ಹೋಗಿ ಚೀಲ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು.

"ನಡಿ, ಹೋಗೂಣು. ಆಕಿ ಎಲ್ಲಿದ್ದಾಳ ತೋರಸು. ಕೈ ಹಿಡದು, ತಪ್ಪಾತು ಅಂತ ಒಂದ ಮಾತ ಹೇಳಿ ಬರತೇನಿ."

ನಾನು ಕಟ್ಟೆಯಿಂದ ಏಳಲಿಲ್ಲ. ಉಳಿದ ಮಾತನ್ನೂ ನಾನೇ ಹೇಳಬೇಕಾಗಿತ್ತು. ಗಿರಿಜವ್ವ ಚೀಲ ಹಿಡಿದುಕೊಂಡು ಬಿಸಿಲಲ್ಲಿ ನಿಂತೇ ಇದ್ದಳು.