ನೀರ ಸಂತೆಯಲ್ಲಿ ಒಡ್ಡಿದ ಉಡಿ

ಬಾಜು ಮನೆ ಕಾಕುವಿನ ಬಲಗೈ ಹೆಬ್ಬೆರಳು ಸದಾ ಕಪ್ಪಗಿರುತ್ತಿತ್ತು. ಎಷ್ಟು ತಿಕ್ಕಿದರೂ ಹೋಗದ ಕಪ್ಪು. ಅವರ ತವರು ಕಮಲಾಪುರ. ಕೆಂಪು ಬಾಳೆಯ ತೋಟದಲ್ಲಿ ಬೆಳೆದವರು. ಕಲಬುರಗಿಯ ಖೂಬಾ ಪ್ಲಾಟಿಗೆ ಸೊಸೆಯಾಗಿ ಬಂದು ಮುದುಕಿಯಾದರೂ ಆಗಾಗ ತೋಟಕ್ಕೆ ಹೋಗಿ ತಾವೇ ಗೊನೆ ಕೊಯ್ಯದಿದ್ದರೆ ಸಮಾಧಾನವಿರಲಿಲ್ಲ. "ಬಾಳಿ ಸೊನಿ ಡಾಗ್ ಇದು. ನನ್ನ ಕೂಡೇ ಮಣ್ಣಿಗಿ ಹೋಗ್ತದ," ಎನ್ನುತ್ತಿದ್ದರು.

ನನ್ನ ಗಂಡ ತೀರಿಹೋದ ಮೇಲೆ ನನಗೆ ಅಳು ಬರಲಿಲ್ಲ. ಬಂದವರೆಲ್ಲ "ಅತ್ತಬಿಡ್ರೀ, ಹಗುರಾಗ್ತೀರಿ" ಎಂದರು. ಅಳು ಏನು ನಲ್ಲಿ ನೀರೇ, ತಿರುವಿದರೆ ಬರಲು? ನಮ್ಮ ಓಣಿಯಲ್ಲಿ ಅದೂ ತಿರುವಿದಾಗ ಬರುವುದಿಲ್ಲ. ಆಫೀಸಿಗೆ ಹೋದೆ, ಬಂದೆ, ಅನ್ನಕ್ಕಿಟ್ಟೆ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಉಂಡರೂ ತಿಳಿಯುತ್ತಿರಲಿಲ್ಲ. ಕಾಕು ಮಾತ್ರ ಅಳು ಎಂದು ಹೇಳಲಿಲ್ಲ. ಸಂಜೆ ಬಾಗಿಲು ತಟ್ಟದೆ ಒಳಗೆ ಬಂದು "ಉಂಡ್ಯಾ?" ಎನ್ನುವರು. ಹೂಂ ಎಂದರೆ ಪಾತ್ರೆಯ ಮುಚ್ಚಳ ತೆಗೆದು ನೋಡುವರು. ನನ್ನ ಸುಳ್ಳು ಸಿಕ್ಕಿಬಿದ್ದರೆ ಬೈಯುತ್ತಲೇ ರೊಟ್ಟಿ ಮುರಿದು ಕೈಗಿಡುವರು. ಅವರೂ ಗಂಡನಿಲ್ಲದವರೇ, ನನಗಿಂತ ಬಹಳ ಮೊದಲಿನಿಂದ.

ಒಂದು ದಿನ ಬಂದವರೇ, "ಪಾಸ್‌ಪೋರ್ಟ್ ತೆಗಿಸು. ಥಾಯ್ಲೆಂಡಿಗಿ ಟೂರ್ ಹೊಂಟಾರ. ನಾವಿಬ್ರೂ ಹೋಗೂಣು," ಎಂದರು.

"ನನಗ ಎಲ್ಲೂ ಬ್ಯಾಡ ಕಾಕು."

"ಗೊತ್ತದ. ಇಲ್ಲಿ ಕುಂತು ಗ್ವಾಡಿ ನೋಡ್ತಿ, ಅಲ್ಲಿ ಕುಂತು ನೀರ ನೋಡು. ನಡಿ."

ಹೋದೆ. ಬ್ಯಾಂಕಾಕಿನ ಹೊರಗೊಂದು ಕಾಲುವೆ, ಉದ್ದನೆಯ ದೋಣಿ. ನಾವಿಬ್ಬರು, ಮುಂದೆ ನಮ್ಮ ತಂಡದ್ದೇ ಇಬ್ಬರು ಕಲಬುರಗಿ ಹೆಂಗಸರು, ಮುರುಕು ಹಿಂದಿ ಮಾತಾಡುವ ಗೈಡ್. ಎರಡೂ ದಂಡೆಗೆ ತೆಂಗು, ಬಾಳೆ, ಕಂಬಗಳ ಮೇಲೆ ನಿಂತ ಮನೆಗಳು. ಗೈಡ್ "ಇಧರ್ ದೇಖೋ, ಉಧರ್ ದೇಖೋ" ಎಂದ ಕಡೆಗೆಲ್ಲ ತಿರುಗಿದೆ. ಕಂಡಿತು, ಅಷ್ಟೇ. ಮುಂದೆ ಕಾಲುವೆ ತುಂಬ ದೋಣಿಗಳು. ದೋಣಿಯಲ್ಲೇ ಒಲೆ, ದೋಣಿಯಲ್ಲೇ ಕಾಯಿಪಲ್ಲೆ.

"ಅಯ್ಯ ಶಿವನೇ! ನಾವು ನೀರಿಗೇ ಬಡಿದಾಡ್ತೀವಿ, ಇವರು ನೀರ ಮ್ಯಾಲೇ ಸಂತಿ ಹಚ್ಯಾರ!" ಎಂದರು ಕಾಕು.

ಹುಲ್ಲಿನ ಟೊಪ್ಪಿಗೆಯ ಮುದುಕಿಯೊಬ್ಬಳು ತನ್ನ ದೋಣಿ ತಂದು ನಮ್ಮದಕ್ಕೆ ತಾಗಿಸಿದಳು. ಅವಳ ಮುಂದೆ ಕೆಂಪು ಬಾಳೆಹಣ್ಣು. ಕಾಕು ಎದ್ದೇ ನಿಂತರು. ದೋಣಿ ಹೊಯ್ದಾಡಿತು, ಗೈಡ್ ಚೀರಿದ.

"ಯಕ್ಕಾ, ಇವು ನಮ್ಮ ಕಮಲಾಪುರದ ಹಣ್ಣ! ನಿನಗೆಲ್ಲಿ ಸಿಕ್ಕಾವ?"

ಮುದುಕಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಇಬ್ಬರೂ ಸಾಕಷ್ಟು ಚೌಕಾಸಿ ಮಾಡಿದರು, ಯಾರಿಗೂ ಭಾಷೆಯ ತೊಂದರೆ ಆದಂತೆ ಕಾಣಲಿಲ್ಲ. ಕೊನೆಗೆ ಅವಳು ಒಂದು ಚಿಪ್ಪು ಎತ್ತಿ ನನ್ನತ್ತ ಚಾಚಿದಳು. ಚೀಲವಿರಲಿಲ್ಲ. ಕೈ ತಾನಾಗಿ ಸೆರಗು ಹಿಡಿಯಿತು. ತಕ್ಷಣ ನೆನಪಾಗಿ ಹಿಂದಕ್ಕೆಳೆದುಕೊಂಡೆ. ಸೆರಗೊಡ್ಡಿದ ಹೆಣ್ಣಿಗೆ ಹಣ್ಣು ಹಾಕಿದರೆ ಉಡಿ ತುಂಬಿದಂತೆ. ಉಡಿ ಮುತ್ತೈದೆಯದು. ಗಂಡ ಸತ್ತವಳಿಗೆ ಯಾರೂ ತುಂಬುವುದಿಲ್ಲ, ಅವಳೂ ಒಡ್ಡುವುದಿಲ್ಲ. ಹೆತ್ತ ಮಗನ ಮದುವೆಯಲ್ಲಿ ಬೀಗತಿಯರಿಗೆಲ್ಲ ಉಡಿ ತುಂಬುವಾಗ ಕಾಕು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದನ್ನು ನಾನೇ ನೋಡಿದ್ದೆ.

ಕಾಕುವಿಗೆ ತಿಳಿಯಿತು. ಮುದುಕಿಯ ಕೈಯಿಂದ ಚಿಪ್ಪನ್ನು ತಾವೇ ತೆಗೆದುಕೊಂಡರು. "ಉಡಿ ಒಡ್ಡು."

"ಕಾಕು, ಮುಂದಿನವ್ರು ನೋಡಾಕತ್ತಾರ."

"ನೋಡ್ಲಿ. ರೊಕ್ಕಾ ಕೊಟ್ಟು ನೋಡಾಕಂತೇ ಬಂದಾರ. ಸತ್ತಾಂವ ಅಂವ, ನೀ ಅಲ್ಲ. ಒಡ್ಡು."

ಒಡ್ಡಿದೆ. ಹಣ್ಣು ತಣ್ಣಗಿತ್ತು, ಭಾರವಾಗಿತ್ತು. ಗಂಡ ಹೋದ ಮೇಲೆ ನನ್ನ ಮೈಗೆ ತಿಳಿದದ್ದು ಆ ಭಾರವೊಂದೇ. ಮುಂದಿನ ಇಬ್ಬರೂ ಮುಖ ತಿರುಗಿಸಿ ತೆಂಗಿನ ಮರ ನೋಡತೊಡಗಿದರು. ಕಾಕು ಒಂದು ಹಣ್ಣು ಸುಲಿದು ಅರ್ಧ ನನ್ನ ಬಾಯಿಗಿಟ್ಟರು. ಸಿಹಿ ಎಂದು ತಿಳಿಯಿತು.

"ಈಗ ನೀವು ಒಡ್ರಿ," ಎಂದೆ.

ಕಾಕು ಉಳಿದರ್ಧ ತಿಂದು ನಕ್ಕರು. "ಇದಕ್ಕ ರುಚಿನೇ ಇಲ್ಲ. ಕಮಲಾಪುರದ್ದಾದ್ರ ತುಂಬಿಸ್ಕೋತೀನಿ."

ಊರಿಗೆ ಬಂದ ಮೇಲೆ ಎರಡು ಮೂರು ಸಲ ಕಮಲಾಪುರದ ಹಣ್ಣು ಹಿಡಿದುಕೊಂಡೇ ಅವರ ಮನೆಗೆ ಹೋದೆ. "ಇವತ್ತ ಬ್ಯಾಡವಾ, ಮನ್ಯಾಗ ಮಂದಿ ಅದಾರ," ಎಂದು ಸೊಸೆಯ ಕಡೆ ಕಣ್ಣು ಮಾಡುತ್ತಿದ್ದರು. ದೋಣಿಯಲ್ಲಿ ಅಷ್ಟು ಗಟ್ಟಿ ಮಾತಾಡಿದವರು ಸ್ವಂತ ಮನೆಯಲ್ಲಿ ದನಿ ತಗ್ಗಿಸುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಹಣ್ಣು ಇಬ್ಬರೂ ಕೂಡಿ ತಿಂದು ಮುಗಿಸುತ್ತಿದ್ದೆವು.

ಕಳೆದ ಶ್ರಾವಣದಲ್ಲಿ ಕಾಕು ಹೋದರು. ಅವರ ಆಸೆಯಂತೆ ಕಮಲಾಪುರದ ತವರಿನ ಹೊಲದಲ್ಲೇ ಕುಣಿ ತೋಡಿದ್ದರು. ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ ಕುಳ್ಳಿರಿಸಿದ್ದರು. ಹೆಬ್ಬೆರಳು ಕಪ್ಪಗೇ ಇತ್ತು. ಉಡಿ ಖಾಲಿ ಇತ್ತು.

ದಾರಿಯಲ್ಲಿ ಕೊಂಡಿದ್ದ ಕೆಂಪು ಹಣ್ಣು ನನ್ನ ಚೀಲದಲ್ಲಿತ್ತು. ಎದುರಿಗೆ ಕುಳಿತು ಅವರ ಸೆರಗು ಹರವಿ ಚಿಪ್ಪನ್ನು ಇಟ್ಟೆ. ಅವರ ತವರಿನ ಹಿರಿಯ ಹೆಂಗಸೊಬ್ಬರು ಧಾವಿಸಿ ಬಂದರು. "ಏನ್ ಮಾಡಾಕತ್ತೀರಿ ಬಾಯಾರ? ಆಕಿ ಮುತ್ತೈದಿ ಅಲ್ಲರೀ!"

"ಗೊತ್ತದರೀ. ನಾನೂ ಅಲ್ಲ."

ಹಣ್ಣು ತೆಗೆಯಲು ಕೈ ಚಾಚಿದ್ದವರು ಹಾಗೇ ನಿಂತರು. ನಾನು ಸೆರಗಿನ ತುದಿ ಎಳೆದು ಗಂಟು ಹಾಕಿದೆ. ಆಗಲೂ ಅಳು ಬರಲಿಲ್ಲ. ಕಾಕುವನ್ನು ತುಂಬಿದ ಉಡಿಯೊಂದಿಗೇ ಕುಣಿಗಿಳಿಸಿದರು.