ಅಪ್ಪನಿಗೆ ಕಲಿಸಿದ ನಾನೂರ ಇಪ್ಪತ್ತೇಳು ಪದಗಳು

ಖಾಲಿ ಊದುಬತ್ತಿ ಪೆಟ್ಟಿಗೆಯನ್ನು ಬಿಡಿಸಿದಾಗ ಬರುವ ಒಣ ಗಂಧದ ವಾಸನೆ ಈಗಲೂ ನನ್ನನ್ನು ಡೊಂಬಿವಲಿಯ ಮೂರನೇ ಮಹಡಿಯ ಮನೆಗೆ ಕರೆದೊಯ್ಯುತ್ತದೆ. ಆ ಕಟ್ಟಡವನ್ನು ರೀಡೆವಲಪ್‌ಮೆಂಟಿಗೆಂದು ಕೆಡವಿದರು. ಅಪ್ಪ ಅದಕ್ಕಿಂತ ಎಂಟು ತಿಂಗಳು ಮೊದಲೇ ತೀರಿಹೋದ. ನಿಮ್ಮ ಮನೆಯೂ ಹಾಗೆ ಹೋಗಿದ್ದರೆ, ವಾಸನೆಯೊಂದೇ ಉಳಿಯುವುದು ನಿಮಗೂ ಗೊತ್ತಿರುತ್ತದೆ. ಅಪ್ಪನಿಗೆ ಇಂಗ್ಲಿಷ್ ಕಲಿಸಿದಾಗ ನನಗೆ ಹದಿಮೂರು ವರ್ಷ. ಆ ಪೆಟ್ಟಿಗೆಗಳ ರಟ್ಟು ಕತ್ತರಿಸಿ, ಒಂದೊಂದು ಚೀಟಿಯಲ್ಲಿ ಏಳು ಇಂಗ್ಲಿಷ್ ಪದ, ಅರ್ಥ, ಮೂಲೆಯಲ್ಲಿ ತಾರೀಖು ಬರೆದು ಬೆಳಿಗ್ಗೆ ಅಪ್ಪನ ಕೈಗೆ ಕೊಡುತ್ತಿದ್ದೆ. ಅಂಬರನಾಥದ ಕಾರ್ಖಾನೆಗೆ ಹೋಗುವ ಲೋಕಲ್ ರೈಲಿನಲ್ಲಿ ಅವನು ಅವನ್ನು ಬಾಯಿಪಾಠ ಮಾಡುತ್ತಿದ್ದ. ಅದೇ ಕಾರ್ಖಾನೆಯ ಗೋವಿಂದಕಾಕಾ ಅವನ ಅಂಗಿ ಮೂಸಿ, "ಏನೋ ಶಿವಪ್ಪಾ, ಜೇಬಿನ್ಯಾಗ ದೇವರ ಮನಿ ಇಟ್ಕೊಂಡು ಹೊಂಟೀಯೇನು?" ಎಂದು ಕಾಡುತ್ತಿದ್ದನಂತೆ.

ಹತ್ತೊಂಬತ್ತು ವರ್ಷ ಉಗ್ರಾಣದಲ್ಲಿ ದುಡಿದ ಅಪ್ಪನಿಗೆ ಅದರ ಮುಖ್ಯಸ್ಥನಾಗುವ ಅವಕಾಶ ಬಂದಿತ್ತು. ಸಂದರ್ಶನ ಇಂಗ್ಲಿಷಿನಲ್ಲಿ. ಅವನು ನನ್ನನ್ನು ಕೇಳಿದ್ದು ಇಷ್ಟೇ: "ಮಾಲು ಯಾಕ ತಡಾ ಆತು, ಎಷ್ಟು ಕಡಿಮಿ ಬಿತ್ತು, ಇಷ್ಟ್ ಹೇಳಾಕ ಬಂದ್ರ ಸಾಕವ್ವಾ ನನಗ." ಮನೆಯಲ್ಲೂ ಹಿಂದಿಯೇ ಆಡುತ್ತಿದ್ದ ನಾನು, "ವೋ ಸಬ್ ಬೇಸಿಕ್ ಹೈ, ಪಪ್ಪಾ. ಅಡ್ವಾನ್ಸ್ಡ್ ಬೋಲ್ನಾ ಪಡ್ತಾ ಹೈ," ಎಂದು ದೊಡ್ಡ ದೊಡ್ಡ ಪದಗಳನ್ನೇ ಆರಿಸಿದೆ. ಉದ್ದನೆಯ ಪದ ಹಾಕಿದವರ ಪ್ರಬಂಧವನ್ನು ನನ್ನ ಶಾಲೆಯಲ್ಲಿ ಗಟ್ಟಿಯಾಗಿ ಓದಿಸುತ್ತಿದ್ದರು. ನನಗೆ ಗೊತ್ತಿದ್ದ ಇಂಗ್ಲಿಷ್ ಅದೇ. ಕೊನೆಯ ಚೀಟಿಯವರೆಗೆ ಒಟ್ಟು ಅರವತ್ತೊಂದು ದಿನ, ನಾನೂರ ಇಪ್ಪತ್ತೇಳು ಪದ. ಸಂಜೆ ಒಪ್ಪಿಸುವಾಗ ಅಪ್ಪ ತಪ್ಪಿದರೆ ನನ್ನ ಡೈರಿಯಲ್ಲಿ ಕೆಂಪು ಗೀಟು. ಅವು ಮೂವತ್ತೆಂಟು. ಒಂದೊಂದನ್ನು ಎಳೆಯುವಾಗಲೂ ನನಗೆ ಖುಷಿಯಾಗುತ್ತಿತ್ತು ಎಂಬುದು ಡೈರಿಯಲ್ಲಿಲ್ಲ, ನಾನೇ ಹೇಳಬೇಕು.

ಸಂದರ್ಶನದಿಂದ ಬಂದ ಅಪ್ಪ ಬೂಟು ಬಿಚ್ಚುವ ಮೊದಲೇ, "'ಐ ಆ್ಯಮ್ ಇಂಡಿಫ್ಯಾಟಿಗೇಬಲ್' ಅಂದೆ ನೋಡು! ಮೂರು ಸಲ ಹೇಳಿಸಿದ್ರು. ಎಲ್ಲಾರ ಮಾರಿ ಮ್ಯಾಲೂ ನಗಿ!" ಎಂದ. ದಣಿವೇ ಇಲ್ಲದವನು ಎಂಬ ಅರ್ಥದ ಆ ಪದ ನಲವತ್ತೆರಡನೇ ಚೀಟಿಯದು. ಅವ್ವ ಒಲೆಯ ಮುಂದಿನಿಂದಲೇ, "ಮತ್ತ ಮಾಲಿಂದು ಏನ್ ಕೇಳಿದ್ರು?" ಎಂದಳು. ಅಪ್ಪನ ದನಿ ತಗ್ಗಿತು. "ಕೇಳಿದ್ರು. ಅದಕ್ಕ ಮಾತ್ರ ಇಂಗ್ಲಿಷ್ ಸಿಗಲಿಲ್ಲ." ಈಗ ನವಿ ಮುಂಬಯಿಯ ಕಚೇರಿಯಲ್ಲಿ ನಾನು ದಿನಕ್ಕೆ ಇಪ್ಪತ್ತು ಸಲ 'ಡಿಲೇ', 'ಶಾರ್ಟೇಜ್' ಎಂದು ಬರೆಯುತ್ತೇನೆ. ಆ ನಾನೂರ ಇಪ್ಪತ್ತೇಳರಲ್ಲಿ ಒಂದೂ ಈವರೆಗೆ ಬೇಕಾಗಿಲ್ಲ.

ಹುದ್ದೆ ಎರಡು ವರ್ಷದ ಹಿಂದೆ ಸೇರಿದವನೊಬ್ಬನಿಗೆ ಹೋಯಿತು. ಕಾರ್ಖಾನೆಯಲ್ಲಿ ಎಲ್ಲರೂ ಅಪ್ಪನನ್ನು ಈಗ 'ಇಂಡಿಫ್ಯಾಟಿಗೇಬಲ್' ಎಂದೇ ಕೂಗುತ್ತಾರೆ ಎಂದು ಗೋವಿಂದಕಾಕಾ ಅವ್ವನಿಗೆ ಹೇಳಿದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದೆ. ಸದಾ ತಮಾಷೆ ಮಾಡುವ ಕಾಕಾ ಕೂಡ ಅಂದು ನಗುತ್ತಿರಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಅಪ್ಪ ಚೀಟಿಗಾಗಿ ಕೈ ಚಾಚಿದ. ನಾನು ನೊಂದುಕೊಳ್ಳಬಾರದೆಂದು ಹನ್ನೊಂದು ದಿನ ಚಾಚಿದ. ಹನ್ನೆರಡನೆಯ ದಿನ ನಾನು ಬರೆದಿರಲಿಲ್ಲ.

"ಇವತ್ತ ಇಲ್ಲೇನವ್ವಾ?"

"ಖತಮ್ ಹೋ ಗಯೇ, ಪಪ್ಪಾ."

"ಹೌದು, ಭಾಳ ಕಲಿಸಿದಿ ತಗೋ," ಎಂದು ಅಪ್ಪ ನನ್ನ ತಲೆ ಸವರಿ ಮೆಟ್ಟಿಲಿಳಿದ. ಕೆಳಮನೆಯ ಹೆಂಗಸು, ನಾವು ಕಾಕು ಎನ್ನುತ್ತಿದ್ದವರು, ಎಂದಿನಂತೆ ಮರಾಠಿಯಲ್ಲಿ ಏನೋ ವಿಚಾರಿಸಿದರು. ನಾನು ಮನೆ ಮುಂದಿನ ಗ್ಯಾಲರಿಯಲ್ಲಿ ನಿಂತು ಅಪ್ಪ ಕೆಳಗೆ ಕಾಣಿಸುವುದನ್ನು ಕಾದೆ. ಅಂಗಿಯ ಖಾಲಿ ಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡು ಅವನು ಸ್ಟೇಷನ್ನಿನ ದಾರಿ ಹಿಡಿದ.